ಬೀಗರ ತೋಟಾ ವಿಚಾರ

ಚುನಾವಣೆ ಬಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದು ಎಲ್ಲ ತಣ್ಣಗಾದ ಮೇಲೆ ವಾಪಸ್ ಕೊಡುತ್ತಾರೆ. ನಮ್ಮ ಮಾವನವರ ರೈಫಲ್ ಹೀಗೆ ಠಾಣೆಗೆ ಹೋಗಿ ಬರುವುದನ್ನು ಬಿಟ್ಟರೆ ಬೇರೆ ಪ್ರಯಾಣ ಕಂಡಿದ್ದಿಲ್ಲ. ಅದು ಅವರ ಅಪ್ಪನ ಕಾಲದ್ದು. ಹೊಳೆಹೊನ್ನೂರಿನ ಹತ್ತಿರದ ಗದ್ದೆಗೆ ಹಂದಿ ನುಗ್ಗುತ್ತವೆಂದು ಬೆಳೆ ರಕ್ಷಣೆಗೆ ಪಡೆದ ಲೈಸೆನ್ಸು. ಮಾವ ಸಹಕಾರ ಸಂಘದಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಹಂದಿಗಳನ್ನು ಅವರು ಡಬ್ಬ ಬಡಿದೇ ಓಡಿಸಿದ್ದು. ಆದರೂ ರೈಫಲ್ ಠಾಣೆಯಿಂದ ಬಂದ ದಿನ ನಮ್ಮ ರವೀಂದ್ರನಗರದ ಮನೆಯಲ್ಲಿ ಒಂದು ಸಣ್ಣ ಹಬ್ಬ. ಹಳೇ ಪಂಚೆ ಹಾಸಿ, ಅದರ ಮೇಲೆ ಬಿಚ್ಚಿ, ಎಣ್ಣೆ ಹಚ್ಚಿ, ನಳಿಗೆಯೊಳಗೆ ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಜೋಡಿಸಿ ಬೀರುವಿಗೆ ಬೀಗ ಹಾಕುವುದು.

ಒಂದು ಸಲ ಅದೇ ದಿನ ನನ್ನ ಅಪ್ಪ ಭದ್ರಾವತಿಯಿಂದ ಊಟಕ್ಕೆ ಬಂದಿದ್ದರು. ಅಪ್ಪ ಕಾರ್ಖಾನೆಯಲ್ಲಿ ಉಕ್ಕಿನ ಗಡಸುತನ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದವರು. ನಿವೃತ್ತಿಯ ನಂತರ ರೈಫಲ್ ಕ್ಲಬ್ ಸೇರಿ, ಕಾಗದದ ಗುರಿಗೆ ಸಣ್ಣ ರೈಫಲಿನಿಂದ ಹೊಡೆಯುವುದನ್ನು ಕಲಿತು, ಒಂದು ಸ್ಟೀಲ್ ಬಟ್ಟಲನ್ನು ಬಹುಮಾನವಾಗಿ ಗೆದ್ದಿದ್ದರು. ಉಳಿದ ಹೊತ್ತು ಫೋನಿನಲ್ಲಿ ಹಿಮದ ದೇಶಗಳ ಬೇಟೆಗಾರರ ವಿಡಿಯೋ ನೋಡುತ್ತಿದ್ದರು. ನಮ್ಮ ಎರಡೂ ಮನೆಗಳಲ್ಲಿ ಮೊಟ್ಟೆ ಸಹ ಒಳಗೆ ಬರುವುದಿಲ್ಲ. ಪ್ರಾಣಿ ಬೀಳುವ ಹೊತ್ತಿಗೆ ಅಪ್ಪ ಫೋನ್ ಪಕ್ಕಕ್ಕೆ ತಿರುಗಿಸಿ, ಸದ್ದು ನಿಂತ ಮೇಲೆ ಮತ್ತೆ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದು ಅದಕ್ಕೆ ಮುಂಚಿನ ಮಾತು: ಬಂದೂಕಿಗೆ ತುಂಬುವ ತೋಟಾ ಯಾವುದು, ಅದರ ತುದಿಯ ಗುಂಡು ಎಷ್ಟು ತೂಕ, ಎಷ್ಟು ದೂರಕ್ಕೆ ಎಷ್ಟು ಕೆಳಗಿಳಿಯುತ್ತದೆ.

ಅಂಥದೊಂದು ವಿಡಿಯೋದ ಕೆಳಗೆ ಯಾರೋ ಒಬ್ಬ ಕೇಳಿದ್ದ: "ಜಿಂಕೆ, ಎಲ್ಕ್ ಎರಡಕ್ಕೂ ಆಗುವಂಥ ಒಂದೇ ರೈಫಲ್ ಕೊಳ್ಳಬೇಕು. ಯಾವ ತೋಟಾ ಒಳ್ಳೆಯದು?" ಎಲ್ಕ್ ಎಂದರೆ ಆ ವಿಡಿಯೋಗಳಲ್ಲಿ ಬರುವ ದೊಡ್ಡ ಜಾತಿಯ ಜಿಂಕೆ. ಪ್ರಶ್ನೆಗೆ ಯಾರೂ ಉತ್ತರಿಸಿರಲಿಲ್ಲ. ಅದು ಅಪ್ಪನ ಮನಸ್ಸಿಗೆ ಹತ್ತಿಕೊಂಡಿತ್ತು.

"ಒಬ್ಬ ಮನುಷ್ಯ ಅಷ್ಟು ಮರ್ಯಾದೆಯಾಗಿ ಕೇಳಿದಾನೆ. ಯಾರೂ ತಿರುಗಿ ನೋಡಿಲ್ಲ" ಎಂದು ನನ್ನ ಹತ್ತಿರ ಹೇಳಿಕೊಂಡರು. "ಇಂಗ್ಲಿಷಲ್ಲಿ ನೀನೇ ಬರೆದುಕೊಡು. ಮುನ್ನೂರ ಮೂವತ್ತೆಂಟು ತಗೋ ಅಂತ ಬರಿ."

ಈ ಸಂಖ್ಯೆಗಳೆಲ್ಲ ಗುಂಡಿನ ದಪ್ಪ ಎಂಬುದು ನನಗೆ ಅಷ್ಟರಲ್ಲಿ ತಿಳಿದಿತ್ತು. ಸಂಖ್ಯೆ ಹೆಚ್ಚಿದಷ್ಟೂ ಗುಂಡು ದಪ್ಪ. ಮಾವನ ರೈಫಲ್ಲು ಮುನ್ನೂರ ಹದಿನೈದು.

ಎಣ್ಣೆ ಬಟ್ಟೆ ಹಿಡಿದಿದ್ದ ಮಾವ ತಲೆ ಎತ್ತಿದರು. "ಬೀಗ್ರು ತಪ್ಪು ತಿಳೀಬಾರ್ದು. ಅಷ್ಟು ದಪ್ಪದ್ದು ಯಾಕೆ? ನಮ್ಮಪ್ಪ ಇದರಲ್ಲೇ ಎಲ್ಕ್ ಹೊಡೆದಿದ್ರು."

ಬೇಟೆ ನಿಷೇಧ ಬರುವ ಮೊದಲಿನ ಮಾತು ಅದು. ಕೊಂಬು ಬಹಳ ದಿನ ಹಜಾರದಲ್ಲಿತ್ತಂತೆ. ಆಮೇಲೆ ಅರಣ್ಯ ಇಲಾಖೆಗೆ ಒಪ್ಪಿಸಿದರು.

ಅಪ್ಪ ಬಹಳ ವಿನಯದಿಂದ, "ನಿಮ್ಮ ತಂದೆಯವರ ಬಗ್ಗೆ ನನಗೆ ಗೌರವ ಇದೆ ಬೀಗ್ರೇ. ಆದ್ರೆ ಎಲ್ಕ್ ಇರೋದು ಹಿಮದ ದೇಶದಲ್ಲಿ" ಎಂದರು.

ಮಾವನ ಮುಖ ಕೆಂಪಾಯಿತು. ಬೀಗರ ಎದುರು ದನಿ ಎತ್ತುವಂತಿಲ್ಲ. "ಇನ್ನೊಂದು ಲೋಟ ಮಜ್ಜಿಗೆ ತಗೊಳ್ಳಿ" ಎಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಜಗಳದ ಮಾತು ನಾನು ಕೇಳಿಲ್ಲ.

ಆಮೇಲೆ ಫೋನಿನಲ್ಲಿ ಹುಡುಕಿದೆ. ಹಿಂದೆ ಇಲ್ಲಿದ್ದ ಕಾಫಿ ತೋಟದ ದೊರೆಗಳು ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರಂತೆ. ಮಾವನ ಅಪ್ಪ ಒಬ್ಬ ದೊರೆಯ ಜೊತೆ ಕಾಡಿಗೆ ಹೋಗುತ್ತಿದ್ದವರು; ಹೆಸರನ್ನು ಅಲ್ಲಿಂದಲೇ ತಂದಿರಬೇಕು. ಇದನ್ನು ಓದಿ ಹೇಳಿದಾಗ ಇಬ್ಬರಿಗೂ ಸಮಾಧಾನವಾಯಿತು, ಏಕೆಂದರೆ ಇಬ್ಬರೂ ಸರಿ. ನಿಜವಾದ ಎಲ್ಕ್ ಎಂದರೆ ಸುಮಾರು ಒಂದೂವರೆ ಕಡವೆ ಎಂದು ಅಲ್ಲೇ ತೀರ್ಮಾನವಾಯಿತು. ಆದರೆ ಒಂದೂವರೆ ಕಡವೆಗೆ ಯಾವ ತೋಟಾ ಎಂಬುದು ಹಾಗೇ ಉಳಿಯಿತು.

ಅದಾದ ಮೇಲೆ ಅಪ್ಪ ಭಾನುವಾರ ತಪ್ಪದೆ ಬರತೊಡಗಿದರು. ಒಂದು ದಿನ ಅತ್ತೆ ಪಲ್ಯಕ್ಕೆಂದು ತೊಳೆದಿಟ್ಟ ತರಕಾರಿ ಊಟದ ಮೇಜಿನ ಮೇಲಿತ್ತು. ಅಪ್ಪ ಒಂದು ಗುಂಡು ಬದನೆಕಾಯಿ, ಒಂದು ಹಸಿಮೆಣಸಿನಕಾಯಿ ಎತ್ತಿಕೊಂಡರು.

"ನೋಡಿ ಬೀಗ್ರೇ, ನಿಮ್ಮ ಮುನ್ನೂರ ಹದಿನೈದು ಈ ಬದನೆಕಾಯಿ ಇದ್ದಂಗೆ. ಭಾರ ಇದೆ, ಒಪ್ತೀನಿ. ಆದ್ರೆ ನಿಧಾನ. ದೂರ ಹೋಗ್ತಾ ಹೋಗ್ತಾ ಕೆಳಗೆ ಬೀಳುತ್ತೆ. ಇನ್ನೂರ ಎಪ್ಪತ್ತು ಈ ಮೆಣಸಿನಕಾಯಿ. ನೇರವಾಗಿ ಹೋಗುತ್ತೆ, ಆದ್ರೆ ಅಷ್ಟು ದೊಡ್ಡ ಪ್ರಾಣಿಗೆ ಹಗುರ. ಬದನೆಕಾಯಿ ತೂಕ, ಮೆಣಸಿನಕಾಯಿ ವೇಗ ಎರಡೂ ಇರೋದು ಮುನ್ನೂರ ಮೂವತ್ತೆಂಟರಲ್ಲಿ."

"ಅದನ್ನ ಜಿಂಕೆಗೆ ಹೊಡೆದ್ರೆ ಏನು ಉಳಿಯುತ್ತೆ?" ಎಂದು ಮಾವ ಕೇಳಿದರು. "ಅವನು ಜಿಂಕೆಗೂ ಅಂತ ಕೇಳಿದಾನಲ್ಲ. ನೂರು ಮಾರಿನೊಳಗೆ ಹೋಗಿ ಹೊಡೀಲಿ. ಹತ್ರ ಹೋಗೋ ತಾಳ್ಮೆ ಇಲ್ದೋನಿಗೆ ಬಂದೂಕು ಯಾಕೆ?"

ಅತ್ತೆ ಈಳಿಗೆಮಣೆ ಎಳೆದುಕೊಂಡು ಕುಳಿತು ಕೈ ಚಾಚಿದರು. "ನಿಮ್ಮ ತೋಟಾ ಕೊಡಿ ಇಲ್ಲಿ, ಒಗ್ಗರಣೆ ಕಾಯ್ತಿದೆ." ಮುನ್ನೂರ ಹದಿನೈದು ಹೋಳಾಗಿ ಬಾಣಲೆಗೆ ಬಿತ್ತು.

ಈ ತೋಟಾ ಎಂಬ ಪದ ಬೇರೊಂದು ಪೇಚಿಗೂ ಕಾರಣವಾಯಿತು. ಮಾವ ಫೋನಿನಲ್ಲಿ, "ಹೌದು ಬೀಗ್ರೇ, ಯಾವ ತೋಟಾ ಅಂತ ಈ ವಾರ ನಿರ್ಧಾರ ಮಾಡೇಬಿಡೋಣ" ಎಂದಿದ್ದನ್ನು ಪಕ್ಕದ ಮನೆಯಾಕೆ ಕೇಳಿಸಿಕೊಂಡಿದ್ದರು. ಮಾರನೇ ದಿನ ಕಾಂಪೌಂಡಿನ ಹತ್ತಿರ ನನ್ನನ್ನು ನಿಲ್ಲಿಸಿ, "ಅಡಿಕೆ ತೋಟ ತಗೋತಿದೀರಂತೆ, ಹೇಳಲೇ ಇಲ್ವಲ್ಲ ಮಾರಾಯ್ತಿ" ಎಂದರು. ನಾನು ಇಲ್ಲವೆಂದಷ್ಟೂ ಅವರಿಗೆ ಅದು ದೊಡ್ಡ ತೋಟವೇ ಇರಬೇಕು ಎನಿಸಿತು.

ಕೊನೆಗೆ ಅಪ್ಪ, ತೋಟಾ ಕಣ್ಣಿಂದ ನೋಡದೆ ಮಾತಾಡುವುದು ಸರಿಯಲ್ಲ ಎಂದರು. ಮೂವರೂ ಪೇಟೆಯ ಬಂದೂಕಿನ ಅಂಗಡಿಗೆ ಹೋದೆವು. ಮಾವನ ಕೈಯಲ್ಲಿ ಲೈಸೆನ್ಸು ಇತ್ತು. ಅಂಗಡಿಯವರು ಆದರದಿಂದ ಕುರ್ಚಿ ಹಾಕಿದರು.

"ಮುನ್ನೂರ ಮೂವತ್ತೆಂಟು ಇದೆಯಾ?" ಅಪ್ಪ ಕೇಳಿದರು.

"ಅದು ಇಲ್ಲಿ ಬರಲ್ಲ ಸಾರ್. ಯಾತಕ್ಕೆ ಬೇಕಿತ್ತು?"

"ಎಲ್ಕ್ ಹೊಡೆಯೋಕೆ."

ಅಂಗಡಿಯವರು ಬಾಗಿಲ ಕಡೆ ಒಮ್ಮೆ ನೋಡಿದರು. "ಏನು?"

"ಎಲ್ಕ್. ಕಡವೆ ತರಹ" ಎಂದು ಮಾವ ಸಹಾಯಕ್ಕೆ ಬಂದರು.

"ಸಾರ್, ಬೇಟೆ ನಿಷೇಧ ಇದೆ. ನಿಮಗೆ ಗೊತ್ತಲ್ಲ."

"ನಮಗಲ್ಲಪ್ಪ. ಇನ್ನೊಬ್ಬರಿಗೆ."

"ಯಾರಿಗೆ?"

"ಗೊತ್ತಿಲ್ಲ" ಎಂದರು ಅಪ್ಪ ನಿಜವನ್ನೇ.

"ಎಲ್ಲಿದಾರೆ ಅವರು?"

"ಹಿಮ ಬೀಳೋ ಕಡೆ ಎಲ್ಲೋ."

ಅಂಗಡಿಯವರು ಮೆಲ್ಲಗೆ ಲೈಸೆನ್ಸನ್ನು ಮಾವನ ಕಡೆಗೇ ತಳ್ಳಿದರು. ನಾನು ಫೋನು ತೆಗೆದು, ವಿಡಿಯೋ ತೋರಿಸಿ, ಅದರ ಕೆಳಗಿನ ಪ್ರಶ್ನೆ ಓದಿ, ಇವರಿಬ್ಬರೂ ಬೀಗರು, ಇಬ್ಬರೂ ಸಸ್ಯಾಹಾರಿಗಳು ಎಂದು ಮೊದಲಿನಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ನೀರು ಕುಡಿದು, "ಇನ್ಮೇಲೆ ಮೊದಲು ನೀವು ಮಾತಾಡಿ ಮೇಡಂ, ಅವರು ಆಮೇಲೆ" ಎಂದರು. ಮಾವ ಗುರಿ ಅಭ್ಯಾಸಕ್ಕೆಂದು ತಮ್ಮ ಮುನ್ನೂರ ಹದಿನೈದರ ಒಂದಷ್ಟು ತೋಟಾ ಕೊಂಡರು. ಅಪ್ಪ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ತೂಗಿದರು. ಅಷ್ಟು ದಿನ ಮಾತಾಡಿದ ವಸ್ತುವನ್ನು ಅವರು ಮುಟ್ಟಿದ್ದು ಅದೇ ಮೊದಲು. ಅವರ ಕ್ಲಬ್ಬಿನ ರೈಫಲಿನ ತೋಟಾ ಕಿರುಬೆರಳಿನ ತುದಿಗೆಣ್ಣಿನಷ್ಟಿದ್ದರೆ ಇದು ನಡುಬೆರಳಿನಷ್ಟುದ್ದ ಇತ್ತು.

ಕ್ಲಬ್ಬಿನವರು ಕಾಗದಪತ್ರ ನೋಡಿ, ಅನುಮತಿ ಪಡೆದು, ಊರ ಹೊರಗಿನ ಅಭ್ಯಾಸದ ಬಯಲಿಗೆ ಒಂದು ಬೆಳಿಗ್ಗೆ ಬರಲು ಹೇಳಿದರು. ಅತ್ತೆಯೂ ಬುತ್ತಿ ಕಟ್ಟಿಕೊಂಡು ಹೊರಟರು. ದೂರದ ಮಣ್ಣಿನ ದಿಬ್ಬದ ಮುಂದೆ ಗುರಿಯ ಹಾಳೆ ನಿಲ್ಲಿಸಿದ್ದರು. ಕಿವಿಗೆ ಮುಚ್ಚಳ ಹಾಕಿಕೊಂಡು ಬೀಗರಿಬ್ಬರೂ ಮರಳ ಚೀಲದ ಪಕ್ಕ ನಿಂತರು.

"ನೀವು ಮೊದಲು ಬೀಗ್ರೇ" ಎಂದರು ಮಾವ.

"ಛೆ, ರೈಫಲ್ ನಿಮ್ಮದು. ನೀವೇ ಶುರು ಮಾಡಿ."

"ನೀವು ಬಹುಮಾನ ಗೆದ್ದೋರು."

"ನೀವು ಗಂಡಿನ ಕಡೆಯೋರು."

ಕಿವಿ ಮುಚ್ಚಿದ್ದರಿಂದ ಇಬ್ಬರೂ ಈ ಉಪಚಾರವನ್ನು ಕೂಗಿಯೇ ಹೇಳುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಕೊನೆಗೆ ಅಪ್ಪನೇ ಮಲಗಿ ಗುರಿ ಹಿಡಿದರು. ಸಣ್ಣ ರೈಫಲಿನ ಅಭ್ಯಾಸದಲ್ಲಿ ಹಿಡಿಯನ್ನು ಹೆಗಲಿಗೆ ಒತ್ತದೆ ಸುಮ್ಮನೆ ತಾಗಿಸಿ ಇಟ್ಟುಕೊಂಡಿದ್ದರು. ಕಾರ್ಯದರ್ಶಿ "ಗಟ್ಟಿಯಾಗಿ ಒತ್ತಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಸದ್ದಾಯಿತು. ಅಪ್ಪ ಮಲಗಿದ್ದಲ್ಲಿಂದಲೇ ಒಂದು ಗೇಣು ಹಿಂದೆ ಸರಿದರು. ಕನ್ನಡಕ ಹಣೆಯ ಮೇಲೆ ಹೋಗಿ ಕುಳಿತಿತ್ತು. ದಿಬ್ಬದ ಮೇಲೆ, ಹಾಳೆಯಿಂದ ಬಹಳ ದೂರದಲ್ಲಿ, ಧೂಳು ಎದ್ದಿತು.

ನನಗೆ ಗಾಬರಿಯಾಯಿತು. ಅಪ್ಪ ನಿಧಾನವಾಗಿ ಎದ್ದು ಕುಳಿತು, "ಚೆನ್ನಾಗಿದೆ" ಎಂದರು.

ಮಾವ ಅದನ್ನು ನೋಡಿ ಹಿಡಿಯನ್ನು ಹೆಗಲಿಗೆ ಬಲವಾಗಿ ಒತ್ತಿಕೊಂಡರು. ಕಣ್ಣು ಮುಚ್ಚಿಯೇ ಬಂದೂಕಿನ ಕುದುರೆ ಎಳೆದರೆಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಗುಂಡು ಹಾಳೆಯ ಮೂಲೆಗೆ ತಾಗಿತು. ಇನ್ನೂ ತೋಟಾ ಉಳಿದಿದ್ದವು. ಇಬ್ಬರೂ ಅವುಗಳ ಕಡೆ ನೋಡಲಿಲ್ಲ. "ಬಿಸಿಲು ಏರ್ತಿದೆ" ಎಂದರು ಮಾವ. "ಹೌದು, ಹೆಣ್ಮಕ್ಕಳಿಗೆ ತ್ರಾಸು" ಎಂದರು ಅಪ್ಪ. ಹೆಣ್ಣುಮಕ್ಕಳಾದ ನಾನು ಮತ್ತು ಅತ್ತೆ ಮರದ ನೆರಳಿನಲ್ಲಿ ಆರಾಮಾಗಿ ಚಿತ್ರಾನ್ನ ತಿನ್ನುತ್ತಿದ್ದೆವು.

ಮನೆಗೆ ಬಂದ ಮೇಲೆ ಇಬ್ಬರೂ ಅಂಗಿ ಬಿಚ್ಚಿ ಹಜಾರದಲ್ಲಿ ಅಕ್ಕಪಕ್ಕ ಕುಳಿತರು. ಇಬ್ಬರ ಬಲ ಹೆಗಲೂ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅತ್ತೆ ಉಪ್ಪಿನ ಶಾಖದ ಗಂಟು ತಂದು ಮಾವನ ಹೆಗಲಿಗಿಟ್ಟರು. ಇನ್ನೊಂದನ್ನು ನಾನು ಅಪ್ಪನ ಹೆಗಲಿಗೆ ಇಟ್ಟೆ.

"ಮುನ್ನೂರ ಮೂವತ್ತೆಂಟು ಇದಕ್ಕಿಂತ ಜೋರಾಗಿ ಒದೆಯುತ್ತಾ ಅಪ್ಪ?" ಎಂದೆ.

"ಬಹಳ ಜೋರು" ಎಂದು ಅಪ್ಪ ಶಾಖದ ಗಂಟನ್ನು ಸ್ವಲ್ಪ ಸರಿಸಿಕೊಂಡು, "ನಾನು ಯೋಚನೆ ಮಾಡ್ತಿದ್ದೆ. ಒದೆತಕ್ಕೆ ಹೆದರಿ ಗುರಿ ತಪ್ಪಿದ್ರೆ ಪ್ರಾಣಿ ಗಾಯ ಆಗಿ ನರಳುತ್ತೆ. ಅದು ಪಾಪ. ಅವನು ತಡ್ಕೊಳ್ಳೋವಷ್ಟೇ ತಗೊಳ್ಳೋದು ಒಳ್ಳೇದು" ಎಂದರು.

"ನಾನೂ ಅದನ್ನೇ ಹೇಳ್ತಿದ್ದೆ ಬೀಗ್ರೇ" ಎಂದರು ಮಾವ. ಅವರು ಅದನ್ನು ಹೇಳಿರಲಿಲ್ಲ. ಆದರೆ ಅಪ್ಪ ತಲೆಯಾಡಿಸಿದರು.

ಶಾಖ ತೆಗೆದುಕೊಳ್ಳುತ್ತಲೇ ಇಬ್ಬರೂ ಉತ್ತರ ಹೇಳಿದರು, ನಾನು ಬರೆದೆ. ಮುನ್ನೂರ ಮೂವತ್ತೆಂಟಕ್ಕಿಂತ ಕಡಿಮೆ ಒದೆಯುವ, ಮೂವತ್ತು-ಸೊನ್ನೆ-ಆರು ಎಂಬ ತೋಟಾ ತೆಗೆದುಕೊಳ್ಳುವುದು; ಎಲ್ಕ್‌ಗೆ ಭಾರದ ಗುಂಡು, ಜಿಂಕೆಗೆ ಹಗುರದ್ದು; ದೂರದಿಂದ ಹೊಡೆಯದೆ ಹತ್ತಿರ ಹೋಗುವುದು; ಹಿಡಿಯನ್ನು ಹೆಗಲಿಗೆ ಸರಿಯಾಗಿ ಒತ್ತಿಕೊಳ್ಳುವುದು. ಈ ಕೊನೆಯ ಮಾತನ್ನು ಅಪ್ಪ ಎರಡು ಸಲ ಬರೆಸಿದರು. ಸಾಧ್ಯವಾದರೆ ಹೊಡೆಯದೇ ಇರುವುದು ಒಳ್ಳೆಯದು ಎಂಬುದನ್ನೂ ಸೇರಿಸು ಎಂದು ಅತ್ತೆ ಒಳಗಿನಿಂದ ಹೇಳಿದರು. ಸೇರಿಸಿದೆ.

ಕೆಲವು ದಿನಗಳಾದ ಮೇಲೆ ಉತ್ತರ ಬಂತು. ಅಷ್ಟು ವಿವರವಾಗಿ ಬರೆದಿದ್ದಕ್ಕೆ ಆತ ತುಂಬ ಥ್ಯಾಂಕ್ಸ್ ಹೇಳಿದ್ದ. ಪ್ರಶ್ನೆ ಹಾಕಿ ಕೆಲವು ವರ್ಷಗಳೇ ಆದವಂತೆ. ಹೆಂಡತಿಯ ಅಪ್ಪ ಹೇಳಿದರೆಂದು ಆವಾಗಲೇ ಮೂವತ್ತು-ಸೊನ್ನೆ-ಆರನ್ನೇ ಕೊಂಡಿದ್ದನಂತೆ. ಎಲ್ಕನ್ನು ಇದುವರೆಗೆ ಕಂಡಿದ್ದು ಒಂದೇ ಸಲ, ಕಾರಿನಲ್ಲಿ ಹೋಗುವಾಗ. ರೈಫಲ್ ಮನೆಯಲ್ಲಿತ್ತಂತೆ.

ನಾನು ಓದಿ ಮುಗಿಸಿ, ಇವರಿಗೆ ಬೇಸರವಾಗಬಹುದೆಂದು ಮುಖ ನೋಡಿದೆ. ಮಾವ ಎಡಗೈಯಿಂದ ಕಾಫಿ ಲೋಟ ಎತ್ತಿಕೊಂಡರು. ಬಲಗೈ ಇನ್ನೂ ಮೇಲೇಳುತ್ತಿರಲಿಲ್ಲ. "ಮಾವ ಆದವರು ಸರಿಯಾಗೇ ಹೇಳಿರ್ತಾರೆ" ಎಂದರು. ಅಪ್ಪ ಕೂಡಲೇ ಒಪ್ಪಿದರು.