ಜಪಾನಿನ ಗದ್ದೆಗೆ ನೀರು ಕಟ್ಟಿದ್ದು

ಹೆದರಿಕೆ ಶುರುವಾದದ್ದು ಹೊಸಪೇಟೆ ಸ್ಟೇಷನ್ನಿನಲ್ಲೇ. ಪಿಯುಸಿ ಮುಗಿಸಿದ ರೈತರ ಮಕ್ಕಳನ್ನು ಒಂದು ವರ್ಷ ಜಪಾನಿಗೆ ಕಳಿಸಿ, ಅಲ್ಲಿಯ ರೈತರ ಮನೆಯಲ್ಲಿಟ್ಟು ಭತ್ತದ ಬೇಸಾಯ ಕಲಿಸುವ ಯೋಜನೆಯೊಂದಕ್ಕೆ ನಾನು ಆಯ್ಕೆಯಾಗಿದ್ದೆ. ನಮ್ಮೂರು ಮೆಟ್ರಿಯ ಅರ್ಧ ಜನ ಟ್ರ್ಯಾಕ್ಟರು ಹತ್ತಿ ನನ್ನನ್ನು ಕಳಿಸಲು ಬಂದಿದ್ದರು. ಕೊರಳಿಗೆ ಅಷ್ಟೊಂದು ಹಾರ ಬಿದ್ದಮೇಲೆ ಒಲ್ಲೆ ಎನ್ನಲು ಬಾಯಿ ಎಲ್ಲಿಂದ ಬರಬೇಕು? ಅಪ್ಪ ರೈಲಿನ ಕಿಟಕಿಯ ಸರಳು ಹಿಡಿದುಕೊಂಡು, "ಅವರ ಗದ್ದಿ ನಮ್ಮದ ಅಂತ ತಿಳ್ಕಾ. ನೀರಿನ ಮ್ಯಾಲ ಕಣ್ಣಿರ್ಲಿ. ಊರಿನ ಮರ್ಯಾದಿ ಐತಿ, ನಡುವ ವಾಪಸ್ ಬರಬ್ಯಾಡ" ಎಂದ.

ಅಲ್ಲಿ ವಿಮಾನದಿಂದ ಇಳಿಸಿಕೊಂಡ ಅಧಿಕಾರಿ ಇಂಗ್ಲಿಷಿನಲ್ಲಿ ಇನ್ನೊಂದು ಮಾತು ಸೇರಿಸಿದ. ಮನೆಯವರಿಗೆ ನೀನು ಬೇಡವೆನಿಸಿದರೆ ಮುಂದಿನ ವಿಮಾನಕ್ಕೇ ವಾಪಸ್, ಹೋದ ವರ್ಷ ಒಬ್ಬ ಹಾಗೇ ಹೋದ ಎಂದ. ಇಂಥ ಶುಭವಾರ್ತೆಯನ್ನು ನಗುನಗುತ್ತ ಹೇಳುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಯಜಮಾನರು ಮತ್ತು ಅವರ ಮುದಿ ತಾಯಿ. ನಾನು ಬಂದ ಸಂಜೆ ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿ ಹೋದರು. ಯಜಮಾನರು ಹೊಸ ಎತ್ತು ತಂದವರ ಹಾಗೆ ನನ್ನ ಭುಜ ಹಿಡಿದು ಎಲ್ಲರಿಗೂ ತೋರಿಸಿದರು. ಅವರ ಒಂದು ಮಾತೂ ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಒಳಗಿನ ಬಾಗಿಲುಗಳಿಗೆಲ್ಲ ಕಾಗದ. ಮೊಣಕೈ ತಾಗಿದರೆ ತೂತು ಬಿದ್ದೀತೆಂದು ಕೈಕಟ್ಟಿಕೊಂಡೇ ಓಡಾಡಿದೆ. ಬೆಳಿಗ್ಗೆ ಅಜ್ಜಿ ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದು ಹಾಕಿದಳು. ಉಗುಳಿದರೆ ವಿಮಾನ ಎಂದುಕೊಂಡು ಕಣ್ಣು ಮುಚ್ಚಿ ನುಂಗಿದೆ.

ಇನ್ನೂ ವಾರವಾಗಿರಲಿಲ್ಲ. ಯಜಮಾನರು ಏನೋ ಕೆಲಸಕ್ಕೆ ಪೇಟೆಗೆ ಹೋದಾಗ ನಾನೊಬ್ಬನೇ ಮನೆಯ ಹಿಂದಿನ ಗದ್ದೆಗೆ ಹೋದೆ. ಮೊಣಕಾಲೆತ್ತರ ಬೆಳೆದ ಭತ್ತ, ಬುಡದಲ್ಲಿ ಹನಿ ನೀರಿಲ್ಲ. ನೆಲ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅಕ್ಕಪಕ್ಕದ ಗದ್ದೆಗಳೂ ಹಾಗೇ. ಪಕ್ಕದ ಕಾಲುವೆಯಲ್ಲಿ ಮಾತ್ರ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ನಮ್ಮ ಕಡೆ ಕಾಲುವೆಯ ಕೊನೆಯ ಗದ್ದೆಗಳು ಹೀಗಾದರೆ ಗಂಡಸರು ಸಲಿಕೆ ಹಿಡಿದು ತೂಬಿನ ಹತ್ತಿರ ಸೇರುತ್ತಾರೆ, ತಲೆ ಒಡೆಯುತ್ತವೆ. ಇಲ್ಲಿ ಊರಿಗೆ ಊರೇ ಮಲಗಿದೆಯಲ್ಲ ಎಂದು ಸಿಟ್ಟು ಬಂತು.

ಕಾಲುವೆಯಿಂದ ನೀರು ಬರುವ ಬಾಯಿಗೆ ಅಡ್ಡವಿಟ್ಟಿದ್ದ ಹಲಗೆ ಎತ್ತಿದೆ. ನೀರು ಹೊರಗೆ ಹೋಗುವ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದೆ. ಬಿರುಕುಗಳು ನೀರು ಕುಡಿಯುವುದನ್ನು ಬದುವಿನ ಮೇಲೆ ಕೂತು ನೋಡಿದೆ. ಆ ದೇಶಕ್ಕೆ ಕಾಲಿಟ್ಟ ಮೇಲೆ ಹೆದರಿಕೆ ಇಲ್ಲದೆ ಕೂತದ್ದು ಅದೇ ಮೊದಲು. ಅಪ್ಪ ನೋಡಬೇಕಿತ್ತು ಎನಿಸಿತು.

ಮಧ್ಯಾಹ್ನ ಬಂದ ಯಜಮಾನರು ಗದ್ದೆ ನೋಡಿದವರೇ ಪೇಟೆಯ ಬಟ್ಟೆಯಲ್ಲೇ ಇಳಿದು, ಹಲಗೆ ಮತ್ತೆ ಅಡ್ಡವಿಟ್ಟು, ನಾನು ಮೆತ್ತಿದ ಮಣ್ಣನ್ನು ಕೈಯಿಂದ ಕಿತ್ತೆಸೆದರು. ಕಟ್ಟಿದ ನೀರೆಲ್ಲ ಹೊರಗೆ ಹೊರಟಿತು. ನನಗೆ ಏನೂ ಅನ್ನಲಿಲ್ಲ. ಅಪ್ಪನಾಗಿದ್ದರೆ "ಲೇ, ಕಣ್ಣು ಕಾಣಂಗಿಲ್ಲೇನು?" ಎಂದು ಆಚೆಯ ಕಂಪ್ಲಿ ಪೇಟೆಗೆ ಕೇಳುವಂತೆ ಒದರಿ ಅಲ್ಲಿಗೇ ಮುಗಿಸುತ್ತಿದ್ದ. ಬೈಯದ ಸಿಟ್ಟು ನನಗೆ ಹೊಸದು.

ನಾಟಿಯಾಗಿ ತಿಂಗಳಾದ ಮೇಲೆ ಕೆಲವು ದಿನ ನೀರು ಬಸಿದು ಗದ್ದೆ ಒಣಗಿಸಿದರೆ ಬೇರು ಆಳಕ್ಕೆ ಇಳಿಯುತ್ತದೆಂದು ಅಲ್ಲಿಯವರೆಲ್ಲ ಬೇಕೆಂದೇ ಹಾಗೆ ಮಾಡುತ್ತಾರೆ. ಅದು ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಇಷ್ಟೇ, ನನ್ನ ಕಥೆ ಮುಗಿಯಿತು. ಕೋಣೆಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬಿದೆ. ಮೆಟ್ರಿಯಲ್ಲಿ ಬಸ್ಸಿಳಿಯುವುದು, ಹಾರ ಹಾಕಿದವರೆಲ್ಲ ಕಟ್ಟೆಯ ಮೇಲಿಂದ ನೋಡುವುದು, ಅಪ್ಪ ತಲೆ ತಗ್ಗಿಸುವುದು ಕಣ್ಣಿಗೆ ಕಟ್ಟಿ ಅಳು ಬಂತು.

ಯಜಮಾನರು ಬಾಗಿಲು ಸರಿಸಿದರು. ನನಗೆ ತೋರಿಸಲೆಂದೇ ಏನೋ, ಕೈಯಲ್ಲಿ ಉದ್ದ ಬೇರಿನ ಒಂದು ಭತ್ತದ ಬುಡ ಇತ್ತು. ಟ್ರಂಕು ಕಂಡದ್ದೇ ಅವರ ಮುಖ ಬಿಳಿಚಿತು. ತಾಯಿಯನ್ನು ಕೂಗಿ, ಅಲ್ಲೇ ಮೊಣಕಾಲೂರಿ ಕೂತರು. ಟ್ರಂಕು ತೋರಿಸಿದರು, ಓಣಿಯ ಕಡೆ ಕೈ ಮಾಡಿದರು, ಬೇಡ ಬೇಡ ಎಂದು ತಲೆಯಾಡಿಸಿದರು. ಆಮೇಲೆ ನೆಲಕ್ಕೆ ತಲೆ ತಾಗುವಂತೆ ಬಾಗಿದರು. ಅಪ್ಪನ ವಯಸ್ಸಿನವರು. ನನ್ನನ್ನು ನೋಡಲು ಬಂದಿದ್ದ ಆ ಓಣಿಯವರ ನೆನಪು ಆಗ ಬಂತು. ಹುಡುಗ ಯಾಕೆ ಹೋದ ಎಂದು ಕೇಳಿದರೆ ಇವರು ಅವರಿಗೆ ಏನು ಹೇಳಬೇಕಿತ್ತು?

ಅಜ್ಜಿ ಟ್ರಂಕಿನ ಪಕ್ಕ ಕೂತು ನನ್ನ ಲುಂಗಿ, ಅಂಗಿ ಒಂದೊಂದೇ ತೆಗೆದು, ಮಡಿಕೆ ಸರಿ ಮಾಡಿ, ಗೂಡಿನಲ್ಲಿ ಇಟ್ಟಳು. ಟ್ರಂಕು ಖಾಲಿಯಾಗುವವರೆಗೆ ಯಜಮಾನರು ತಲೆ ಎತ್ತಲಿಲ್ಲ. ಚಾಪೆಗೆ ಊರಿದ್ದ ಅವರ ಕೈಗಳಲ್ಲಿ ಇನ್ನೂ ಗದ್ದೆಯ ಕೆಸರಿತ್ತು.