ಹಮೀದನ ಸೊಂಟಕ್ಕೊಂದು ಟ್ರಯಲ್

ಈ ಚರ್ಮದ ಚೀಲಕ್ಕೆ ನಾನು ಕೊಟ್ಟದ್ದು ಏಳು ದೀನಾರ್. ಕುವೈತಿನ ಶುವೈಖಿನಲ್ಲಿ ಕಾರಿನ ಸೀಟು ಹೊಲಿಯುವ ಪಠಾಣ ಹನ್ನೆರಡು ಕೇಳಿದ್ದ. ಯಾರದೋ ದೊಡ್ಡ ಕಾರಿಗೆ ಹೊಲಿದು ಉಳಿದ ತುಂಡಿಗೆ ಹನ್ನೆರಡು ಯಾಕೆಂದು ಅವನದೇ ಚಹಾ ಕುಡಿಯುತ್ತ ಚೌಕಾಸಿ ಮಾಡಿದೆ. ಐದಕ್ಕೂ ಇಳಿಯುತ್ತಿದ್ದ, ಆದರೆ ಚೀಲ ಯಾತಕ್ಕೆಂದು ಅವನು ಕೆದಕಬಾರದಿತ್ತು, ಆ ಮೌನಕ್ಕೆ ಎರಡು ದೀನಾರ್. "ಕತ್ತರಿ ಇಡಲಿಕ್ಕೆ" ಎಂದಿದ್ದೆ. ಅವನು ನನ್ನ ಕಾಗದದ ಅಳತೆಯನ್ನು ತಿರುಗಿಸಿ ನೋಡಿ, "ಭಾಯಿ, ಕೈಂಚಿ ಕಾ ಪೇಟ್ ಇತ್ನಾ ಮೋಟಾ?" ಎಂದು ನಕ್ಕ. ನಿಜ, ಅಷ್ಟು ಹೊಟ್ಟೆ ಬಂದ ಕತ್ತರಿಯನ್ನು ನೀವೂ ನೋಡಿರಲಿಕ್ಕಿಲ್ಲ. ಅದು ರಿವಾಲ್ವರಿನ ಅಳತೆ.

ಗಾಬರಿಯಾಗಬೇಡಿ. ಕುವೈತಿನಲ್ಲಿ ನಮ್ಮಂಥವರು ಜೇಬಿನಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ಇಟ್ಟುಕೊಂಡು ಓಡಾಡುವವರೇ ಹೊರತು ಸೊಂಟದಲ್ಲಿ ರಿವಾಲ್ವರ್ ಸಿಕ್ಕಿಸಿಕೊಳ್ಳುವವರಲ್ಲ. ಅದು ಬೇಕಾಗಿದ್ದದ್ದು ಊರಿನಲ್ಲಿ, ನನ್ನ ತಂಗಿ ಜೊಹರಾಳ ಗಂಡ ಹಮೀದನಿಗೆ. ಪುತ್ತೂರಿನಲ್ಲಿ ಅವನ ತಂದೆಯದು ಸಣ್ಣ ಚಿನ್ನದಂಗಡಿ. ದಿನಾ ಸಂಜೆ ಬಾಗಿಲೆಳೆದು, ಒಡವೆಯನ್ನೆಲ್ಲ ಬಟ್ಟೆಚೀಲಕ್ಕೆ ತುಂಬಿ, ಮೀನು ತಂದ ಹಾಗೆ ಕೈಯಲ್ಲಿ ತೂಗಾಡಿಸಿಕೊಂಡು ಮನೆಗೆ ನಡೆಯುವುದು ಅವರ ರೂಢಿ. ಒಂದು ಸಂಜೆ ಬೈಕಿನಲ್ಲಿ ಬಂದ ಇಬ್ಬರು ಚೀಲಕ್ಕೆ ಕೈಹಾಕಿದರು. ಮುದುಕರು ಚೀಲ ಬಿಡಲಿಲ್ಲ, ಮೊಣಕೈ ಮುರಿಯಿತು. ಹಮೀದ್ ಇಲ್ಲಿನ ಮಿರ್ಕಾಬಿನ ಆಫೀಸಿನ ಕೆಲಸ ಬಿಟ್ಟು, ಹೆಂಡತಿ ಮಗಳೊಂದಿಗೆ ಖಾಯಮ್ಮಾಗಿ ಊರಿಗೆ ಹೋಗುವುದೆಂದು ತೀರ್ಮಾನಿಸಿದ್ದು ಆಗ. ರಜೆಯಲ್ಲಿ ಹೋದಾಗ ಅಲೆದಲೆದು ಬಂದೂಕಿನ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದ. ಅದರ ಅವಧಿಯೊಳಗೆ ಕೊಳ್ಳಬೇಕಿತ್ತು. ಯಾವುದನ್ನು, ರಿವಾಲ್ವರೋ ಪಿಸ್ತೂಲೋ?

ಹಮೀದ್ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಒಂದು ದಿನ ಆ ಪಕ್ಷ, ಮರುದಿನ ಈ ಪಕ್ಷ. ಸಲಹೆ ಕೇಳದಿದ್ದರೂ ಕೊಡುವುದು ನನ್ನ ಸ್ವಭಾವ. ಇಲ್ಲಿ ಕೇಳಿದವರೂ ಇದ್ದರು, ವಿಷಯ ಗೊತ್ತಿಲ್ಲದ್ದೊಂದೇ ಅಡ್ಡಿ. ಪೂವಯ್ಯನವರನ್ನು ಕರೆಸಿದೆ. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಇಲ್ಲಿ ಗೋದಾಮು ಕಾಯುವವರ ಮೇಲ್ವಿಚಾರಕರು. ಅವರ ಪ್ಯಾಂಟಿನ ಸೊಂಟವನ್ನು ವರ್ಷ ವರ್ಷ ಬಿಚ್ಚಿ ಹಿಗ್ಗಿಸುವ ಟೈಲರ್ ನಾನೇ.

"ನೋಡು ಹಮೀದ್," ಎಂದರು, ನನ್ನ ಚಾಕಿನಿಂದ ಕಟಿಂಗ್ ಮೇಜಿನ ಮೇಲೆ ಬರೆಯುತ್ತ. "ಇದು ರಿವಾಲ್ವರ್. ನಡುವೆ ಉರುಟು, ದಪ್ಪ. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಕುದುರೆ, ಅದೇ ಟ್ರಿಗರ್, ಎಳಿ, ಮುಂದಿನದು ಬರ್ತದೆ. ತಲೆನೋವಿಲ್ಲ. ಇದು ಪಿಸ್ತೂಲ್. ಚಪ್ಪಟೆ, ಅಂಗಿಯೊಳಗೆ ಅಡಗ್ತದೆ, ಗುಂಡೂ ಜಾಸ್ತಿ. ಆದರೆ ಸಿಕ್ಕಿಕೊಂಡರೆ ಬಿಡಿಸಲಿಕ್ಕೆ ಎರಡೂ ಕೈ ಬೇಕು, ದಿನಾ ಅಭ್ಯಾಸ ಬೇಕು."

"ಎರಡೂ ಕೈಯಾ? ಒಂದು ಕೈಲಿ ಚಿನ್ನದ ಚೀಲ ಉಂಟಲ್ಲ!" ಎಂದ ಹಮೀದ್.

"ಹಾಗಾದ್ರೆ ರಿವಾಲ್ವರ್."

"ಅದು ಉಬ್ಬಿ ಕಾಣುದಿಲ್ವಾ?"

"ನಿನ್ನ ಹೊಟ್ಟೆ ಕಾಣುವಷ್ಟು ಕಾಣುದಿಲ್ಲ ಮಾರಾಯ."

ಆ ಮಾತಿನ ಬಿಸಿಯಲ್ಲೇ ನಾನು ಶುವೈಖಿಗೆ ಓಡಿ ಚೀಲ ಹೊಲಿಸಿದ್ದು. ಬಂದೂಕಿಲ್ಲ, ಬಂದೂಕಿನ ಅಂಗಿ ತಯಾರು! ಭಾವನ ಮೇಲಿನ ಪ್ರೀತಿ ಎನ್ನಿ. ಸೀಟಿನ ಚರ್ಮ ಅಗ್ಗಕ್ಕೆ ಸಿಕ್ಕಿತೆಂಬ ಸಂತೋಷ ಎಂದರೂ ತಪ್ಪಿಲ್ಲ.

ಚೀಲ ಕೈಗೆ ಬಂದ ಮೇಲೆ ನನ್ನೊಳಗಿನ ಟೈಲರ್ ಎಚ್ಚರಾದ. ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡದೆ ನಾನು ಕೋಟು ಕೊಡುವವನಲ್ಲ. ಇದಕ್ಕೆ ಮಾತ್ರ ಟ್ರಯಲ್ ಬೇಡವೇ? ಪೂವಯ್ಯನವರ ಚಿತ್ರದಂತೆ ಕೋಟಿನ ಕ್ಯಾನ್ವಾಸಿನಲ್ಲಿ ಎರಡು ಗೊಂಬೆ ಬಂದೂಕು ಹೊಲಿದೆ, ಒಂದು ಉರುಟು, ಒಂದು ಚಪ್ಪಟೆ. ಪರದೆಯ ಅಂಚಿಗೆ ಹಾಕುವ ಸೀಸದ ತುಂಡು ತುಂಬಿ, ಅವರು ಕೈಯಲ್ಲಿ ತೂಗಿ "ಸರಿ" ಎನ್ನುವವರೆಗೆ ಭಾರ ಮಾಡಿದೆ. ಬಟ್ಟೆಯದ್ದಾದರೂ ಬೀದಿಗೆ ಬೇಡ, ಅಂಗಡಿ ಮತ್ತು ಮನೆ ಸಾಕು ಎಂದು ತಾಕೀತು ಮಾಡಿ ಹಮೀದನಿಗೆ ಕಟ್ಟಿದೆ.

ನಿಂತರೆ ಎರಡೂ ಸೊಗಸು. ಇಳಿಹೊತ್ತಿನ ಅಸರ್ ನಮಾಜಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತೆವು. ಹಮೀದ್ ಮುಂದೆ, ನಾನು ಹಿಂದೆ. ಅವನು ಹಣೆ ನೆಲಕ್ಕಿಡಲು ಸುಜೂದಿಗೆ ಬಾಗಿದಾಗ ಉರುಟು ಗೊಂಬೆ ಪಕ್ಕೆಲುಬಿಗೆ ಒತ್ತಿ, ಸುಬ್‌ಹಾನಲ್ಲಾಹ್‌ಗಿಂತ ಮೊದಲು "ಉಸ್ಸ್" ಬಂತು. ಸೂರ್ಯ ಮುಳುಗಿದ ಮೇಲೆ ಮಗ್ರಿಬ್ ನಮಾಜಿಗೆ ಚಪ್ಪಟೆಯದನ್ನು ಬೆನ್ನಿಗೆ ಕಟ್ಟಿದ್ದೆವು. ಒತ್ತಲಿಲ್ಲ, ಆದರೆ ಬಾಗಿದೊಡನೆ ಅಂಗಿ ಮೇಲೇರಿ ಗೊಂಬೆಯ ಹಿಡಿ ನನ್ನ ಕಣ್ಣೆದುರು! ವಿಡಿಯೋ ಮಾಡಿದ ಪುಣ್ಯಾತ್ಮರು ಯಾರೂ ದಿನಕ್ಕೈದು ಸಲ ಬಾಗುವವರಲ್ಲವೆಂದು ಕಾಣುತ್ತದೆ.

ಶುಕ್ರವಾರ ಅವನ ಮನೆಯಲ್ಲಿ ನನಗೂ ಪೂವಯ್ಯನವರಿಗೂ ಊಟ. ಹಮೀದ್ ಚಪ್ಪಟೆ ಗೊಂಬೆ ಕಟ್ಟಿಕೊಂಡೇ ನೆಲದ ಮೇಲೆ ಕೂತಿದ್ದ. ಆರು ವರ್ಷದ ಸಫಾ ಅಪ್ಪನ ಬೆನ್ನೇರಿದಳು, ಅದು ಅವಳ ದಿನದ ಆಟ. ನಾವು ಕೋರಿರೊಟ್ಟಿಗೆ ಸಾರು ಹೊಯ್ದುಕೊಳ್ಳುವಷ್ಟರಲ್ಲಿ ಗೊಂಬೆ ಅವಳ ಕೈಯಲ್ಲಿತ್ತು.

"ಬಾಪಾ, ವಾಟ್ ಈಸ್ ದಿಸ್?" ಎಂದು ಇಳಿದು ಎದುರು ಬಂದು ಅದನ್ನು ನೇರ ಅವನ ಮುಖಕ್ಕೆ ಹಿಡಿದಳು.

ಬಟ್ಟೆಯ ಗೊಂಬೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪೂವಯ್ಯನವರ ಕೈ ಬಟ್ಟಲಿನಲ್ಲೇ ನಿಂತಿತು. ಹಮೀದ್ ಥಟ್ಟನೆ ತಲೆಯನ್ನು ಪಕ್ಕಕ್ಕೆ ಎಳೆದುಕೊಂಡ.

ಜೊಹರಾ ಸೌಟು ಹಿಡಿದೇ ಹೊರಗೆ ಬಂದಳು. "ಅಣ್ಣಾ, ಈ ಟ್ರಯಲ್ ಪಾಸಾ ಫೇಲಾ?" ಗಂಡನ ಕಡೆ ತಿರುಗಿದಳು: "ಚಿನ್ನವನ್ನು ಮನೆಗೆ ಹೊತ್ತು ತರ್ಲಿಕ್ಕೆ ಯಾರು ಹೇಳಿದ್ದು ನಿಮಗೆ? ಅದು ಅಂಗಡಿಯಲ್ಲೇ ಮಲಗಿದರೆ ಜ್ವರ ಬರ್ತದಾ?"

ಪೂವಯ್ಯನವರು ಮೊದಲು ನಕ್ಕರು. "ಖಲಾಸ್! ನಾನು ಹೇಳ್ಬೇಕಿದ್ದದ್ದನ್ನು ಇವರೇ ಹೇಳಿದ್ರು."

ಹಮೀದ್ ಊರಿಗೆ ಹೋಗಿ ಅಂಗಡಿಯ ನೆಲ ಅಗೆಸಿ, ಕಾಂಕ್ರೀಟಿನಲ್ಲಿ ತಿಜೋರಿ ಹೂಳಿಸಿದ. ಚೌಕಾಸಿಯನ್ನು ನಾನು ಇಲ್ಲಿಂದಲೇ ಫೋನಿನಲ್ಲಿ ಮಾಡಿದೆ. ಲೈಸೆನ್ಸಿನ ಅವಧಿ ತನ್ನಷ್ಟಕ್ಕೆ ಮುಗಿಯಿತು. ಈಗ ಸಂಜೆ ಅವನು ನಿಜವಾಗಿಯೂ ಮೀನು ಹಿಡಿದುಕೊಂಡು ಮನೆಗೆ ನಡೆಯುತ್ತಾನೆ. ಬೆನ್ನೇರಲು ಮಗಳು ಬಾಗಿಲಲ್ಲೇ ಕಾದಿರುತ್ತಾಳಂತೆ.

ಗೊಂಬೆಗಳು ನನ್ನ ಮೇಜಿನ ಮೇಲೆ ಬಟ್ಟೆ ಜಾರದಂತೆ ಒತ್ತಿಕೊಂಡಿವೆ. ನಾನೂ ಬದಲಾಗಿದ್ದೇನೆ: ಟ್ರಯಲ್‌ಗೆ ಬಂದವರನ್ನು ಕನ್ನಡಿಯೆದುರು ನಿಲ್ಲಿಸಿ ಕಳಿಸುವುದಿಲ್ಲ, ಬಗ್ಗಿಸುತ್ತೇನೆ, ನೆಲದ ಮೇಲೆ ಕೂರಿಸುತ್ತೇನೆ.

ನಿಮಗೂ ಲೈಸೆನ್ಸಿದ್ದು ಉರುಟೋ ಚಪ್ಪಟೆಯೋ ಎಂಬ ಗೊಂದಲವಿದ್ದರೆ, ಬಂದೂಕಿನ ಅಂಗಡಿಗೆ ಹೋಗುವ ಮೊದಲು ಅಷ್ಟೇ ಭಾರದ ಬಟ್ಟೆಗೊಂಬೆಯೊಂದನ್ನು ಕೆಲವು ದಿನ ಮನೆಯೊಳಗೆ ಕಟ್ಟಿಕೊಂಡು ನೋಡಿ. ಬಾಗಿ, ಉಣ್ಣಿ, ಮಕ್ಕಳನ್ನು ಬೆನ್ನಿಗೇರಿಸಿಕೊಳ್ಳಿ. ಪಾಸಾದರೆ ಆಮೇಲೆ ಚೌಕಾಸಿ. ಚೀಲ ಮಾತ್ರ ಮೊದಲೇ ಹೊಲಿಸಬೇಡಿ. ಹೊಲಿಸಿಬಿಟ್ಟಿದ್ದರೂ ಚಿಂತಿಸಬೇಡಿ, ನನ್ನ ದೊಡ್ಡ ಕತ್ತರಿ ಇದರಲ್ಲಿ ಹಾಯಾಗಿ ಕೂರುತ್ತದೆ. ಪಠಾಣನಿಗೆ ನಾನು ಹೇಳಿದ್ದು ಸುಳ್ಳಾಗಲಿಲ್ಲ.