ಮಾವ ಇಲ್ಲದ ಸೀಡಿ

ತಂಗಿಯ ಮದುವೆಯ ವಿಡಿಯೋ ಮಾಡು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೇ ಹಟ ಹಿಡಿದು ಆ ಕೆಲಸ ಕಿತ್ತುಕೊಂಡೆ. ಆಗ ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಎರಡನೇ ಶಿಫ್ಟಿಗೆ ಹೋಗುತ್ತಿದ್ದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ರಾಮನಗರದ ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ನನಗೆ ಮೈಯೆಲ್ಲ ತುರಿಕೆ. ಹಾಗಾಗಿ ಒಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದೆ. ಅದರ ಜೊತೆಗೇ ಬಂದಿದ್ದ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನೆಂಟರ ಎರಡು ನಾಮಕರಣ, ಒಂದು ಗೃಹಪ್ರವೇಶ ಮುಗಿಸಿ, ಈ ವಿದ್ಯೆ ನನಗೆ ಕೈವಶವಾಯಿತು ಅಂತ ನಂಬಿಬಿಟ್ಟಿದ್ದೆ.

'ವಿಡಿಯೋದವ್ನೇ ಬರ್ಲಿ ಬುಡ್ಲಾ. ನೀನು ಹೆಣ್ಣಿನಣ್ಣ, ಬಂದೋರ್ನ ಮಾತಾಡ್ಸೋದು ಬ್ಯಾಡ್ವಾ?' ಅಂದಳು ಅವ್ವ. ನಾನು ಕೇಳಲಿಲ್ಲ. ಕಾರ್ಖಾನೆಯ ಗೆಳೆಯನೊಬ್ಬ ತನ್ನ ಭಾವ ಹೊರದೇಶದಿಂದ ತಂದಿದ್ದ ಕ್ಯಾಮರಾವನ್ನು ಮೂರು ದಿನಕ್ಕೆ ಕೊಟ್ಟಿದ್ದ. ಅದಕ್ಕೆ ಟೇಪೇ ಇಲ್ಲ, ಒಳಗೇ ಹಾರ್ಡ್ ಡಿಸ್ಕು. ಅಂಗೈಯಲ್ಲಿ ಕೂರುವ ಆ ಕ್ಯಾಮರಾ ಕೈಗೆ ಬಂದಮೇಲೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಚನ್ನಪಟ್ಟಣದ ಛತ್ರದಲ್ಲಿ ಚಪ್ಪರದ ಶಾಸ್ತ್ರದಿಂದ ಬೀಗರ ಬೀಳ್ಕೊಡುಗೆಯವರೆಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲೇ ಮದುವೆ ನೋಡಿದೆ.

ಫೈಲುಗಳನ್ನು ಕಂಪ್ಯೂಟರಿಗೆ ತುಂಬಿಕೊಂಡು, ಕ್ಯಾಮರಾ ಖಾಲಿ ಮಾಡಿ ವಾಪಸ್ ಕೊಟ್ಟಮೇಲೆ ತಾಪತ್ರಯ ಶುರುವಾಯಿತು. ಫೈಲಿನ ಹೆಸರಿನ ಬಾಲದಲ್ಲಿ ನಾನು ಕಂಡು ಕೇಳರಿಯದ ಮೂರು ಅಕ್ಷರ. ಎಡಿಟಿಂಗ್ ಸಾಫ್ಟ್‌ವೇರು ಅವನ್ನು ಮೂಸಿಯೂ ನೋಡಲಿಲ್ಲ. 'ಈ ಬಗೆಯ ಫೈಲು ಗೊತ್ತಿಲ್ಲ' ಅಂತ ಒಂದೇ ರಾಗ. ಕೊನೆಗೆ ಎಲ್ಲಿಂದಲೋ ಒಂದು ಕನ್ವರ್ಟರ್ ಹಾಕಿಕೊಂಡು ಒಂದೊಂದೇ ಫೈಲನ್ನು ಅದಕ್ಕೆ ಅರ್ಥವಾಗುವ ಹಾಗೆ ಬದಲಾಯಿಸುತ್ತಾ ಕೂತೆ. ತೊಂಬತ್ತು ಪರ್ಸೆಂಟಿಗೆ ಬಂದಾಗ ಕರೆಂಟು ಹೋಗುತ್ತಿತ್ತು. ಯುಪಿಎಸ್ಸು ಹತ್ತು ನಿಮಿಷ ಕುಂಯ್ ಅಂದು ಸುಮ್ಮನಾಗುತ್ತಿತ್ತು. ಮತ್ತೆ ಸೊನ್ನೆಯಿಂದ ಶುರು. ನಾನು ನಡುಮನೆಗೂ ಬೀದಿಬಾಗಿಲಿಗೂ ನಡೆದ ನಡಿಗೆ ಸೇರಿಸಿದರೆ ಕನಕಪುರ ಮುಟ್ಟಬಹುದಿತ್ತು.

ಎಲ್ಲವೂ ಬದಲಾದವು, ಒಂದನ್ನು ಬಿಟ್ಟು. ಆ ಫೈಲು ಹಾಕಿದರೆ ಬೂದು ಬಣ್ಣದ ಚೌಕಗಳು ಕಲಸಿಕೊಂಡು, ಮನುಷ್ಯರೋ ಕಂಬಗಳೋ ತಿಳಿಯದೆ, ಅಲ್ಲೇ ನಿಂತುಬಿಡುತ್ತಿತ್ತು. ಬ್ಯಾಟರಿ ಬದಲಿಸುವ ಗಡಿಬಿಡಿಯಲ್ಲಿ ತೆಗೆದ ನಲವತ್ತು ಸೆಕೆಂಡು ಅದು. ಎರಡು ಸಲ ಪ್ರಯತ್ನಿಸಿದೆ, ಮೂರನೆಯ ಸಲಕ್ಕೆ ತಾಳ್ಮೆ ಇರಲಿಲ್ಲ. ಅತ್ತ ಇತ್ತ ಎರಡು ತುದಿಯನ್ನೂ ಅಂಟಿಸಿದೆ. ತಂಗಿ ಕೋಣೆಯಲ್ಲಿ ಹೂ ಮುಡಿಯುತ್ತಿದ್ದವಳು ಮರುಕ್ಷಣ ಹಸೆಮಣೆಯ ಮೇಲೆ ಕೂತಿದ್ದಳು. ಚೆನ್ನಾಗಿಯೇ ಕಂಡಿತು.

ಹೊಸ ಜೋಡಿ ಮನೆಗೆ ಬಂದ ದಿನ ನೆಂಟರೆಲ್ಲ ನಡುಮನೆಯಲ್ಲಿ ಸೇರಿ ಟೀವಿಯ ಮುಂದೆ ಕೂತರು. ನಮ್ಮಲ್ಲಿ ಮದುವೆ ಸೀಡಿ ನೋಡುವುದೆಂದರೆ ಮದುವೆ ನೋಡುವುದಲ್ಲ, ಅವರವರನ್ನು ಅವರವರು ಹುಡುಕಿಕೊಳ್ಳುವುದು. ಮಾಗಡಿ ತಾಲ್ಲೂಕಿನ ಕಲ್ಯದಿಂದ ಅವ್ವನ ತಮ್ಮ, ನನ್ನ ಸೋದರಮಾವ, ಅತ್ತೆಯ ಜೊತೆ ಬಂದಿದ್ದ. ಬಿಳಿ ಪಂಚೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದ. ತಂಗಿ ಕೋಣೆಯಿಂದ ಮಾಯವಾಗಿ ಹಸೆಗೆ ಬಂದಾಗ ಅತ್ತೆ ಕೇಳಿದಳು: 'ನಿಮ್ಮಾವ ಹೆಣ್ ಕರ್ಕೊಂಡ್ ಬಂದಿದ್ದು ಎಲ್ಲೋಯ್ತಪ್ಪ?'

ನನಗೆ ಆಗ ಹೊಳೆಯಿತು. ಸೋದರಮಾವ ಹೆಣ್ಣಿನ ಕೈಹಿಡಿದು ಧಾರೆಯ ಮಂಟಪಕ್ಕೆ ಕರೆತರುತ್ತಾನೆ. ಇಡೀ ಮದುವೆಯಲ್ಲಿ ಅವನದು ಅಂತ ಇರುವುದು ಆ ಹತ್ತಿಪ್ಪತ್ತು ಹೆಜ್ಜೆ ಮಾತ್ರ. ಅದನ್ನೇ ನಾನು ಕತ್ತರಿಸಿ ಎಸೆದಿದ್ದೆ.

'ಅದೊಂದು ಫೈಲು ಕೆಟ್ಟೋಗಿತ್ತು ಅತ್ತೆ, ಕಂಪ್ಯೂಟ್ರು ತಗೊಳ್ಳಿಲ್ಲ' ಅಂದೆ.

'ಅಷ್ಟ್ ಜನುನ್ನ ತಗೊಂಡ ಕಂಪ್ಯೂಟ್ರು ನನ್ನೊಬ್ಬುನ್ನೇ ತಗೊಳ್ಳಿಲ್ವಾ?' ಅಂದ ಮಾವ. ಯಾರೋ ನಕ್ಕರು. ಅವನು ನಗಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, 'ಮಾಗಡಿ ಬಸ್ಸಿಗೆ ಹೊತ್ತಾಯ್ತು' ಅಂತ ಎದ್ದ. ಒಳಗೆ ಎಲೆ ಹಾಕಿತ್ತು. ಅವ್ವ ಬಾಗಿಲವರೆಗೆ ಓಡಿದಳು. ಅವನು ಉಣ್ಣದೆ ಹೋದ.

ಅವತ್ತಿನಿಂದ ಮಾವ ಫೋನಿಗೆ ಬರುವುದನ್ನೇ ಬಿಟ್ಟ. ಅತ್ತೆ ಎತ್ತಿಕೊಂಡು 'ಹೊಲುಕ್ಕೋಗವ್ರೆ' ಅನ್ನುತ್ತಿದ್ದಳು, ಬೆಳಗ್ಗೆಯಾದರೂ ಅದೇ, ಸಂಜೆಯಾದರೂ ಅದೇ. ಅವ್ವನ ಅಪ್ಪ ಅವ್ವ ಎಂದೋ ಹೋಗಿದ್ದರು. ಪ್ರತಿವರ್ಷ ಗೌರಿ ಹಬ್ಬಕ್ಕೆ ಬಾಗಿನ ತರುವುದು ಇವನೊಬ್ಬನೇ. 'ಈ ಗೌರಿಗೆ ಅವ್ನು ಬರ್ದೆ ಹೋದ್ರೆ ನಾನು ತವರಿಲ್ದೋಳಾದಂಗೆ ಕಣ್ಲಾ' ಅಂದಳು ಅವ್ವ. ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹಬ್ಬಕ್ಕೆ ಮೂರು ವಾರ ಇತ್ತು.

ಆ ಕೆಟ್ಟ ಫೈಲನ್ನು ನಾನು ಅಳಿಸಿರಲಿಲ್ಲ. ಮುಂಜಾಗ್ರತೆಯೇನೂ ಅಲ್ಲ, ಸೋಮಾರಿತನ. ಈಗ ಅದರ ಬೆನ್ನು ಹತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಸೆಂಟರಿನಲ್ಲಿ ಕೂತು, ಜಗತ್ತಿನಲ್ಲಿ ನನ್ನ ಹಾಗೆಯೇ ಒದ್ದಾಡುತ್ತಿರುವ ನೂರಾರು ಜನರ ಗೋಳು ಓದಿದೆ. ಎಲ್ಲರ ಬಾಯಲ್ಲೂ ಕೊಡೆಕ್ಕು ಅನ್ನುವ ಒಂದೇ ಮಾತು. ಕುಗ್ಗಿಸಿ ಕಟ್ಟಿಟ್ಟ ವಿಡಿಯೋವನ್ನು ಬಿಚ್ಚುವ ಸಣ್ಣ ಪ್ರೋಗ್ರಾಮು ಅದು. ಒಂದೊಂದು ಕಟ್ಟಿಗೆ ಒಂದೊಂದು. ನಾನು ಪೆನ್‌ಡ್ರೈವಿನಲ್ಲಿ ಏಳು ಬಗೆಯ ಕೊಡೆಕ್ಕುಗಳ ಮೂಟೆ ತಂದು ಏಳನ್ನೂ ಒಂದೇ ಬೆಳಗ್ಗೆ ಹಾಕಿದೆ. ಅವು ಒಂದರ ಮೇಲೊಂದು ಬಿದ್ದು ಕಿತ್ತಾಡಿದವು. ಕೆಟ್ಟ ಫೈಲು ಹಾಗೇ ಉಳಿಯಿತು, ಚೆನ್ನಾಗಿದ್ದವು ತಲೆಕೆಳಗಾದವು. ನನ್ನ ತಂಗಿ ಕಾಲು ಮೇಲೆ ಮಾಡಿಕೊಂಡು ತಾಳಿ ಕಟ್ಟಿಸಿಕೊಂಡಳು. ಕೀಬೋರ್ಡು ಎತ್ತಿ ಗೋಡೆಗೆ ಹೊಡೆಯಬೇಕೆನಿಸಿತು. ಶಿಫ್ಟಿನ ಬಸ್ಸಿಗೆ ಹೊತ್ತಾಗಿದ್ದರಿಂದ ಅದು ಬದುಕಿಕೊಂಡಿತು.

ಕಾರ್ಖಾನೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಒಂದು ನಟ್ಟಿಗೆ ಇಷ್ಟು ಸೆಕೆಂಡು ಅಂತ ಲೆಕ್ಕವಿರುವ ಕಡೆ, ನಲವತ್ತು ಸೆಕೆಂಡು ಅಂದರೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿತ್ತು.

ಕೊನೆಗೆ ಹೋದದ್ದು ನಮ್ಮ ಪಕ್ಕದ ಬೀದಿಯ ಸಾಬರ ಹತ್ತಿರ. ಹಿಂದಿನ ಶೆಡ್ಡಿನಲ್ಲಿ ಅವರ ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಇವರು ಕಂಪ್ಯೂಟರ್ ರಿಪೇರಿ ಇಟ್ಟುಕೊಂಡಿದ್ದರು. ಬೆಂದ ಗೂಡಿನ ವಾಸನೆಯಲ್ಲಿ ಕೂತು ನನ್ನ ಸಿಪಿಯು ಬಿಚ್ಚದೆಯೇ ಪರದೆ ನೋಡಿ, 'ಇದೇನಣ್ಣ, ಕೊಡೆಕ್ ಸಂತೆ ಮಾಡಿದ್ದೀರ' ಅಂತ ಏಳನ್ನೂ ಕಿತ್ತರು. ತಲೆಕೆಳಗಾಗಿದ್ದವರೆಲ್ಲ ನೆಟ್ಟಗಾದರು. ಆಮೇಲೆ ಕೆಟ್ಟ ಫೈಲು ನೋಡಿದರು.

'ಇದ್ರಲ್ಲಿ ಎಲ್ಲಾ ಚಿತ್ರಾನೂ ಪೂರಾ ಇರಲ್ಲ ಅಣ್ಣ. ಆಗೊಂದು ಈಗೊಂದು ಪೂರಾ ಚಿತ್ರ ಇರ್ತದೆ. ಮಧ್ಯದಾಗೆ ಏನು ಅಲ್ಲಾಡ್ತೋ ಅಷ್ಟು ಮಾತ್ರ ಬರ್ಕೊಂಡಿರ್ತದೆ. ನಿಮ್ದು ಶುರುವಿನ ಪೂರಾ ಚಿತ್ರಾನೇ ಹೋಗಿದೆ. ಯಾವುದ್ರ ಮೇಲೆ ಅಲ್ಲಾಡ್ತು ಅಂತ ಪಾಪ ಅದಕ್ಕೆ ಗೊತ್ತಾಗ್ತಾ ಇಲ್ಲ.'

'ಈಗೇನು ಮಾಡೋದು ಭಾಯ್?'

'ಎಳೆ ಕಡಿದ್ರೆ ಗೂಡು ಬಿಸಾಕ್ತೀವಾ? ಮುಂದಿನ ತುದಿ ಹುಡುಕೋದು.'

ಒಂದು ಪುಟ್ಟ ಪ್ರೋಗ್ರಾಮಿನಲ್ಲಿ ಮುಂದಿನ ಪೂರಾ ಚಿತ್ರ ಎಲ್ಲಿದೆ ಅಂತ ಹುಡುಕಿ, ಅಲ್ಲಿಯವರೆಗಿನ ಎರಡು ಮೂರು ಸೆಕೆಂಡು ಕತ್ತರಿಸಿ, ಫೈಲಿನ ಬಾಲದ ಅಕ್ಷರ ಬದಲಿಸಿದರು. ಒಂದು ಕೊಡೆಕ್ಕು, ಒಂದೇ, ಹಾಕಿದರು. ಬೂದು ಚೌಕಗಳ ಜಾಗದಲ್ಲಿ ಮಾವ ನಿಂತಿದ್ದ. ಸಾಬರ ಕೈ ಹಿಡಿದು ಕುಲುಕಿದೆ. ಶಬ್ದ ಮಾತ್ರ ಬರುತ್ತಿರಲಿಲ್ಲ. 'ಅದು ಬೇರೆ ಕಟ್ಟು ಅಣ್ಣ, ಅದಕ್ಕೊಂದು ಬೇರೆ ಕೊಡೆಕ್ ಬೇಕು. ನಾಳೆ ಬನ್ನಿ' ಅಂದರು. ನಾಳೆಯವರೆಗೆ ಕಾಯುವವನೇ ನಾನು?

ಮನೆಗೆ ತಂದು ಪೂರ್ತಿ ನೋಡಿದೆ. ಮಾವ ತಂಗಿಯ ಕೈ ಹಿಡಿದು ಬರುತ್ತಿದ್ದಾನೆ. ಗಂಭೀರವಾದ ಮುಖ, ಅಳೆದು ಇಡುವ ಹೆಜ್ಜೆ. ಮಂಟಪ ಇನ್ನೂ ಐದಾರು ಮಾರು ಇರುವಾಗ ತಲೆಯೆತ್ತಿ ನನ್ನ ಕಡೆ ನೋಡುತ್ತಾನೆ, ಕೈ ಬಿಡುತ್ತಾನೆ, ಎಡಕ್ಕೆ ಸರಿದು ಕಂಬದ ಪಕ್ಕ ನಿಲ್ಲುತ್ತಾನೆ. ಉಳಿದ ದಾರಿಯನ್ನು ತಂಗಿ ಒಬ್ಬಳೇ ನಡೆಯುತ್ತಾಳೆ. ನನಗೆ ರೇಗಿಹೋಯಿತು. ಅರ್ಧದಾರಿಯಲ್ಲಿ ತಾನೇ ಕೈ ಬಿಟ್ಟು ನಿಂತವನು, ಸೀಡಿಯಲ್ಲಿ ನಾನಿಲ್ಲ ಅಂತ ಉಣ್ಣದೆ ಹೋಗುತ್ತಾನಲ್ಲ! ಆ ಮೌನದ ಮೇಲೆ ಒಳ್ಳೆಯ ವಾಲಗ ಎಳೆದು, ಹೊಸ ಸೀಡಿಗೆ ಇಳಿಸಿ, ಮರುದಿನವೇ ಮಾಗಡಿ ಬಸ್ಸು ಹತ್ತಿದೆ.

ಕಲ್ಯದ ಮನೆಯ ಟೀವಿಯಲ್ಲಿ ಮಾವ ಸೀಡಿ ನೋಡಿದ. ತಾನು ಕಂಡಾಗ ಮುಂದಕ್ಕೆ ಬಾಗಿದ. ಕೈ ಬಿಟ್ಟ ಜಾಗ ಬಂದಾಗ ಹಿಂದಕ್ಕೆ ಒರಗಿದ.

'ವಾಲಗ ಹಾಕ್ಬುಟ್ಟಿದ್ದೀಯ' ಅಂದ.

'ಹೂಂ ಮಾವ, ಚೆನ್ನಾಗೈತಲ್ವಾ?'

'ಅಲ್ಲಿ ವಾಲಗ ನಿಂತೋಗಿತ್ತು ಕಣ್ಲಾ. ನೀನು ಮಾತಾಡ್ತಿದ್ದೆ.' ಅಷ್ಟು ಹೇಳಿ ದನಕ್ಕೆ ಹುಲ್ಲು ಹಾಕಲು ಎದ್ದುಹೋದ.

ನಾನು ಏನು ಮಾತಾಡಿದ್ದೆ? ಮಾಗಡಿಯಿಂದ ರಾಮನಗರದವರೆಗೂ ಬಸ್ಸಿನ ಕಂಬಿ ಹಿಡಿದು ನೆನಪು ಮಾಡಿಕೊಂಡೆ. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಕ್ಯಾಮರಾ ಹಿಡಿದವನು ದಿನಕ್ಕೆ ನೂರು ಜನಕ್ಕೆ ನೂರು ಮಾತು ಹೇಳಿರುತ್ತಾನೆ. ಏನೂ ನೆನಪಾಗಲಿಲ್ಲ. ಬಸ್ಸಿಳಿದು ನೇರ ಸಾಬರ ಅಂಗಡಿಗೆ ಹೋಗಿ ಶಬ್ದದ ಕೊಡೆಕ್ಕು ತಂದು ಹಾಕಿದೆ.

ಛತ್ರದ ಗದ್ದಲ ಬಂತು. ಗಟ್ಟಿಮೇಳ ಇನ್ನೂ ಆಗಿರಲಿಲ್ಲ, ವಾಲಗದವರು ಉಸಿರು ಬಿಡುತ್ತಿದ್ದರು. ಆ ಸಂದಿನಲ್ಲಿ ನನ್ನ ಗಂಟಲು, ಮೈಕಿಗೆ ಹತ್ತಿರವಿದ್ದದ್ದರಿಂದ ಎಲ್ಲರಿಗಿಂತ ಜೋರಾಗಿ: 'ಸರ್ಕೊ ಮಾವ ಆ ಕಡೀಕೆ, ಅಡ್ಡ ಬತ್ತಿದ್ದೀಯ. ನಿನ್ನ ಯಾರ್ ನೋಡಾರು?' ಸುತ್ತ ಹತ್ತಾರು ಜನ ಗೊಳ್ಳೆಂದು ನಕ್ಕರು. ಅದರಲ್ಲಿ ನನ್ನ ನಗುವೂ ಇತ್ತು.

ಮತ್ತೊಮ್ಮೆ ಹಾಕಿದೆ. ಈಗ ಅವನು ತಲೆಯೆತ್ತಿ ನೋಡಿದ್ದು ಯಾಕೆಂದು ಕಾಣುತ್ತಿತ್ತು. ಮೂರನೆಯ ಸಲ ನೋಡಲಾಗದೆ ಸ್ಪೀಕರಿನ ವೈರು ಕಿತ್ತೆ. ಅಡುಗೆಮನೆಯಿಂದ ಅವ್ವ 'ಸರಿಹೋಯ್ತೇನ್ಲಾ?' ಅಂದಳು. 'ಒಸಿ ಐತೆ' ಅಂದೆ.

ಶಿಫ್ಟಿಗೆ ರಜೆ ಹಾಕಿ ಬೆಳಗ್ಗೆ ಮತ್ತೆ ಕಲ್ಯಕ್ಕೆ ಹೋದೆ. ಮಾವ ರಾಗಿ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ. ಬದುವಿನ ಮೇಲೆ ನಿಂತು, ಅವನು ಸಾಲು ಮುಗಿಸಿ ಬರುವವರೆಗೆ ಕಾದೆ. ಬದುಕಿನಲ್ಲಿ ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ಅದೇ ಮೊದಲು.

'ಕೇಳಿಸ್ಕೊಂಡೆ ಮಾವ. ತಪ್ಪಾಯ್ತು.'

ಅವನು ಎತ್ತುಗಳನ್ನು ನಿಲ್ಲಿಸಿ ಮುಖ ಒರೆಸಿಕೊಂಡ. 'ಆ ವಾಲಗ ತೆಗ್ದಾಕು. ಅಲ್ಲಿ ಏನಿತ್ತೋ ಅದೇ ಇರ್ಲಿ. ಗೌರಿ ದಿನ ಬತ್ತೀನಿ, ಎಲ್ರೂ ಕೂತ್ಕೊಂಡು ನೋಡಾನ.'

ಎಲ್ಲರೂ ಕೂತು ನೋಡಿದರೆ ನನ್ನ ಆ ಮಾತೂ ಎಲ್ಲರಿಗೂ ಕೇಳುತ್ತಿತ್ತು. ಆದರೆ ಅವನು ಬರುತ್ತೇನೆ ಅಂದಿದ್ದ, ನಾನು ಎದುರಾಡಲಿಲ್ಲ. ವಾಲಗ ತೆಗೆದೆ. ನನ್ನ ಮಾತು ಬರುವ ಕಡೆ ಶಬ್ದದ ಗೆರೆಯನ್ನು ಒಂದಿಷ್ಟು ತಗ್ಗಿಸಿದರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಎಳೆದು ತಗ್ಗಿಸಿದೆ, ಎರಡು ಸಲವೂ ಮೇಲಕ್ಕೆ ತಂದೆ. ಹಾಗೆಯೇ ಸೀಡಿಗೆ ಇಳಿಸಿದೆ.

ಗೌರಿ ಹಬ್ಬದ ದಿನ ಮಾವ ಬಾಗಿನದ ಮೊರ ಹೊತ್ತು ಬಂದ. ಅವ್ವ ಅವನನ್ನು ಒಳಗೆ ಕರೆದ ದನಿ ಬೇರೆಯೇ ಇತ್ತು. ಊಟವಾದ ಮೇಲೆ ನಡುಮನೆ ತುಂಬಿತು. ತಂಗಿ, ಅವಳ ಗಂಡ, ಅಕ್ಕಪಕ್ಕದವರು, ಎಲ್ಲರೂ. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಟೀವಿಯಲ್ಲಿ ಮಾವ ತಂಗಿಯ ಕೈ ಹಿಡಿದು ಕೋಣೆಯಿಂದ ಹೊರಗೆ ಬಂದ. ವಾಲಗ ನಿಂತಿತು.

'ಅಕ್ಕಾ! ಒಸಿ ನೀರ್ ಕೊಡವ್ವ, ಗಂಟ್ಲು ಹಿಡ್ಕೊಂತು!' ಅಂತ ಮಾವ ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಕೆಮ್ಮತೊಡಗಿದ. ಎಲ್ಲರೂ ಅವನ ಕಡೆ ತಿರುಗಿದರು, ಯಾರೋ ಬೆನ್ನು ತಟ್ಟಿದರು. ಕೆಮ್ಮು ನಿಲ್ಲುವ ಹೊತ್ತಿಗೆ ಟೀವಿಯಲ್ಲಿ ನನ್ನ ಮಾತು ಮುಗಿದು, ಅವನು ಕಂಬದ ಪಕ್ಕ ನಿಂತಾಗಿತ್ತು.

ನೀರಿನ ಲೋಟ ಹಿಡಿದು ಬಂದ ಅವ್ವ ಅದನ್ನು ನೋಡಿದಳು. 'ಅಲ್ಲ ಕಣ್ಲಾ, ಮಧ್ಯದಲ್ಲಿ ಹೆಣ್ಣಿನ್ ಕೈ ಬುಟ್ಯಲ್ಲ, ಯಾಕ್ಲಾ?'

ಮಾವ ನೀರು ಕುಡಿದು ಲೋಟ ಕೆಳಗಿಟ್ಟ. 'ಹೆಣ್ ಕಾಣ್ಲಿ ಅಂತ ನಾನೇ ಸರ್ಕೊಂಡೆ ಕಣಕ್ಕ' ಅಂದ.